ಪೇಟನ್ ರೌಸ್: ಕೋಳಿಯ ಗಡ್ಡೆಯಿಂದ ಕ್ಯಾನ್ಸರಿನ ಬೇರಿಗೆ

ದುಬೈ ಖಾರಿಯ ಕೊನೆಯಲ್ಲಿರುವ ರಾಸ್ ಅಲ್ ಖೋರ್‌ನ ಜೌಗುನೆಲ ರಾಜಹಂಸಗಳಿಗೆ ಹೆಸರಾದದ್ದು. ಇಲ್ಲಿ ನೆಲೆಸಿರುವ ನನ್ನಂಥವರಿಗೆ ರಾಜಹಂಸವೆಂದರೆ ಕಣ್ಣಿಗೆ ಸೊಗಸು, ಕೋಳಿಯೆಂದರೆ ಅಡುಗೆಮನೆಯ ಸಾಮಗ್ರಿ. ಆದರೆ ಮನುಷ್ಯನ ಕ್ಯಾನ್ಸರನ್ನು ಅರಿಯುವ ಒಂದು ಮುಖ್ಯ ದಾರಿ ತೆರೆದುಕೊಂಡದ್ದು ಕೋಳಿಯಿಂದಲೇ. ಆ ದಾರಿ ತೆರೆದ ಪೇಟನ್ ರೌಸ್ ಅವರ ಬದುಕನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುತ್ತೇನೆ.

ರೌಸ್ 1879ರ ಅಕ್ಟೋಬರ್ 5ರಂದು ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜನಿಸಿದರು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವೈದ್ಯಕೀಯ ಓದುತ್ತಿದ್ದಾಗ ಶವಪರೀಕ್ಷೆಯಲ್ಲಿ ಬೆರಳಿಗೆ ಗಾಯವಾಗಿ ಕ್ಷಯ ತಗುಲಿತು. ಟೆಕ್ಸಾಸಿನಲ್ಲಿ ದನ ಸಾಕುವವರ ನಡುವೆ ವರ್ಷ ಕಳೆದು ಚೇತರಿಸಿಕೊಂಡ ಅವರು 1905ರಲ್ಲಿ ಪದವಿ ಪಡೆದು, 1909ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆ ಸೇರಿದರು.

ಅಲ್ಲಿಗೆ ಎದೆಯಲ್ಲಿ ಗಡ್ಡೆ ಬೆಳೆದಿದ್ದ ಪ್ಲಿಮತ್ ರಾಕ್ ತಳಿಯ ಕೋಳಿಯೊಂದು ಬಂತು. ಗಡ್ಡೆಯ ಚೂರನ್ನು ಅದೇ ತಳಿಯ ಬೇರೆ ಕೋಳಿಗಳಿಗೆ ನಾಟಿದಾಗ ಅವುಗಳಲ್ಲಿಯೂ ಗಡ್ಡೆ ಬೆಳೆಯಿತು. ಬಳಿಕ ರೌಸ್ ಗಡ್ಡೆಯನ್ನು ಅರೆದು, ಜೀವಕೋಶಗಳಾಗಲಿ ಬ್ಯಾಕ್ಟೀರಿಯಾಗಳಾಗಲಿ ದಾಟಲಾರದ ಶೋಧಕದಲ್ಲಿ ಸೋಸಿ, ಉಳಿದ ದ್ರವವನ್ನು ಚುಚ್ಚಿದರು. ಆಗಲೂ ಗಡ್ಡೆ ಹುಟ್ಟಿತು. 1911ರಲ್ಲಿ ಪ್ರಕಟವಾದ ಈ ಶೋಧದ ಅರ್ಥ ಸ್ಪಷ್ಟವಾಗಿತ್ತು: ಕೋಶಕ್ಕಿಂತ ಎಷ್ಟೋ ಕಿರಿದಾದ ಒಂದು ಕಾರಕ ಕ್ಯಾನ್ಸರ್ ತರಬಲ್ಲದು.

ಸಮಕಾಲೀನರು ಅದನ್ನು ಹಕ್ಕಿಗಳಿಗಷ್ಟೇ ಸೀಮಿತವಾದ ವಿಚಿತ್ರವೆಂದು ಬದಿಗಿಟ್ಟರು. ಇಲಿಗಳಲ್ಲಿ ಅಂಥ ಕಾರಕ ಸಿಗದಿದ್ದಾಗ ರೌಸ್ ಸ್ವತಃ ಆ ಕೆಲಸ ಕೈಬಿಟ್ಟರು. ಮೊದಲ ಮಹಾಯುದ್ಧದ ಹೊತ್ತಿಗೆ ಅವರೂ ಸಹೋದ್ಯೋಗಿ ಟರ್ನರ್ ಅವರೂ ಸಿಟ್ರೇಟ್ ಮತ್ತು ಸಕ್ಕರೆಯ ದ್ರಾವಣದಲ್ಲಿ ರಕ್ತವನ್ನು ಕೆಡದಂತೆ ಇಡುವ ಕ್ರಮ ರೂಪಿಸಿದರು. ಯುದ್ಧಭೂಮಿಯ ರಕ್ತಸಂಗ್ರಹಕ್ಕೆ ಅದೇ ಆಧಾರವಾಯಿತು. 1930ರ ದಶಕದಲ್ಲಿ ರಿಚರ್ಡ್ ಶೋಪ್ ಕಾಡುಮೊಲಗಳ ನರುಲಿಗೆ ವೈರಾಣು ಕಾರಣವೆಂದು ಕಂಡುಕೊಂಡಾಗ ರೌಸ್ ಮರಳಿ ಕ್ಯಾನ್ಸರಿನತ್ತ ತಿರುಗಿದರು.

ನೊಬೆಲ್ ಪ್ರಶಸ್ತಿ ಬಂದದ್ದು 1966ರಲ್ಲಿ, ಶೋಧದ 55 ವರ್ಷಗಳ ಬಳಿಕ. ಆಗ ಅವರಿಗೆ 87 ವರ್ಷ. 1970ರ ಫೆಬ್ರುವರಿ 16ರಂದು ಅವರು ನಿಧನರಾದರು. ಅದೇ ವರ್ಷ ಹೊವರ್ಡ್ ಟೆಮಿನ್ ಹಾಗೂ ಡೇವಿಡ್ ಬಾಲ್ಟಿಮೋರ್, ಇಂಥ ವೈರಾಣುಗಳು ತಮ್ಮ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ಪ್ರತಿ ಮಾಡುವ ಕಿಣ್ವವನ್ನು ಬೇರೆ ಬೇರೆಯಾಗಿ ಕಂಡುಹಿಡಿದರು. ರೆಟ್ರೊವೈರಸ್ ಎಂಬ ಹೆಸರಿನ ಹಿನ್ನೆಲೆ ಇದೇ.

1976ರಲ್ಲಿ ಬಿಷಪ್ ಮತ್ತು ವಾರ್ಮಸ್ ತಂಡ ಇನ್ನೂ ಆಳಕ್ಕಿಳಿಯಿತು. ರೌಸ್ ವೈರಾಣುವಿನಲ್ಲಿದ್ದ ಕ್ಯಾನ್ಸರ್‌ಕಾರಕ ವಂಶವಾಹಿ ಮೂಲತಃ ಆರೋಗ್ಯವಂತ ಕೋಳಿಯ ಕೋಶದ್ದೇ; ವೈರಾಣು ಅದನ್ನು ಹಿಂದೆಂದೋ ಎತ್ತಿಕೊಂಡಿತ್ತು. ಅದರ ಸಂಬಂಧಿ ನಮ್ಮ ಕೋಶಗಳಲ್ಲಿಯೂ ಇದೆ. ವಂಶವಾಹಿಯ ಮಾರ್ಪಾಟೇ ಕ್ಯಾನ್ಸರಿಗೆ ಮೂಲವೆಂಬ ವಾದವನ್ನು ರೌಸ್ ಕೊನೆಯವರೆಗೂ ಒಪ್ಪಿರಲಿಲ್ಲ. ಅವರ ಕೋಳಿಯೇ ಆ ವಾದಕ್ಕೆ ಬಲವಾದ ಸಾಕ್ಷಿಯಾಯಿತು. ದಶಕಗಳ ಕಾಲ ಪರರ ಅಪನಂಬಿಕೆಯನ್ನುಂಡವರೂ ಹೊಸ ವಿಚಾರದೆದುರು ಅಪನಂಬಿಕೆ ತಾಳಬಹುದು. ಇದರಿಂದ ಅವರ ಹಿರಿಮೆ ಕುಂದಿತೆಂದು ನಾನು ಭಾವಿಸುವುದಿಲ್ಲ. ಅವರು ಬರೆದಿಟ್ಟ ಪ್ರಯೋಗ, ಅವರ ಅಭಿಪ್ರಾಯಕ್ಕಿಂತ ದೀರ್ಘಾಯುಷಿಯಾಯಿತು.