ಒಂದು ಅಂಕದ ಪ್ರಶ್ನೆಯ ಹಿಂದಿದ್ದ ಮಾಷ್ಟ್ರು

ಕಳೆದ ಜೂನ್‌ನಲ್ಲಿ ನಾನೊಂದು ತಪ್ಪು ಮಾಡಿದೆ. ತೊಕ್ಕೊಟ್ಟಿನ ನಮ್ಮ ಮನೆಯ ಹತ್ತಿರ ಚರ್ಚಿಗೆ ಸೇರಿದ ಶಾಲೆಯೊಂದಿದೆ. ನಾನು ಓದಿದ್ದೂ ಅಲ್ಲೇ. ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ, ಇಂಟರ್ನ್‌ಶಿಪ್ ಸಿಗದೆ ಮನೆಯಲ್ಲಿ ಕೂತಿದ್ದವಳನ್ನು ಹೆಡ್ ಮಿಸ್ ಕರೆದು, ಶನಿವಾರ ಎರಡು ಗಂಟೆ ಆರನೇ ಕ್ಲಾಸಿನ ಮಕ್ಕಳಿಗೆ ಕನ್ನಡ ಓದಿಸಿ ಬರೆಸಲು ಸಾಧ್ಯವೇ ಎಂದು ಕೇಳಿದರು. ಜೊತೆಗೆ ಒಳ್ಳೆಯ ಅಭ್ಯಾಸಗಳ ಒಂದು ಚಾರ್ಟ್ ಕೂಡ ಕೈಗೆ ಕೊಟ್ಟರು. ಸಮಯಕ್ಕೆ ಬರುವುದು, ಸುಳ್ಳು ಹೇಳದಿರುವುದು, ಇನ್ನೊಬ್ಬರನ್ನು ಗೇಲಿ ಮಾಡದಿರುವುದು, ಹೀಗೆ.

ಎರಡನೇ ಶನಿವಾರ ಮಳೆಗಾಲದ ಒಂದು ದಿನ ಎಂಬ ವಿಷಯ ಕೊಟ್ಟು ಹತ್ತು ಸಾಲು ಬರೆಸಿದೆ. ಒಬ್ಬ ಹುಡುಗ ಮಳೆ ಎಂದು ಬರೆಯಬೇಕಾದ ಕಡೆಯೆಲ್ಲ ಬರ್ಸ ಎಂದು ಬರೆದಿದ್ದ. ಮನೆಯಲ್ಲಿ ಮಾತಾಡುವ ತುಳು ಹಾಗೆಯೇ ಪೆನ್ಸಿಲ್‌ಗೆ ಇಳಿದಿತ್ತು. ನಾನು ಅದನ್ನು ತಮಾಷೆಯಾಗಿ ಜೋರಾಗಿ ಓದಿದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ನನ್ನ ಬೆನ್ನ ಹಿಂದೆ ಗೋಡೆಯಲ್ಲಿ ಗೇಲಿ ಮಾಡಬಾರದು ಎಂಬ ಚಾರ್ಟ್ ತೂಗುತ್ತಿತ್ತು. ಮುಂದಿನ ಶನಿವಾರ ಆ ಹುಡುಗ ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ.

ಆ ದಿನಗಳಲ್ಲೇ ಜುಲೈ 1 ಬಂತು, ಪತ್ರಿಕಾ ದಿನ. ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದುತ್ತಿರುವ ಎಲ್ಲರಿಗೂ ಈ ದಿನದ ಲೆಕ್ಕ ಬಾಯಿಪಾಠ. ಕನ್ನಡದ ಮೊದಲ ಪತ್ರಿಕೆ ಯಾವುದು? ಮಂಗಳೂರ ಸಮಾಚಾರ. ವರ್ಷ? 1843. ಸಂಪಾದಕ? ಹರ್ಮನ್ ಮೊಗ್ಲಿಂಗ್. ಒಂದು ಅಂಕ. ನನ್ನ ಅಕ್ಕನ ನೋಟ್ಸಿನಲ್ಲೂ ಅಷ್ಟೇ ಇತ್ತು. ಆದರೆ ಅಂದು ಪತ್ರಿಕೆಯೊಂದರಲ್ಲಿ ಆತನ ಬಗ್ಗೆ ಓದುವಾಗ ಒಂದು ಸಾಲು ಕಣ್ಣಿಗೆ ಬಿತ್ತು. ಮೊಗ್ಲಿಂಗ್ ಪತ್ರಕರ್ತ ಆಗುವ ಮೊದಲು, ಆದ ನಂತರವೂ, ಮಂಗಳೂರಿನ ಕ್ರೈಸ್ತ ಶಾಲೆಯೊಂದರಲ್ಲಿ ಮಾಷ್ಟ್ರು. ಹುಡುಗರಿಗೆ ಭಾಷೆ ಮತ್ತು ನಡತೆ ಕಲಿಸುವುದೇ ಆತನ ಕೆಲಸ. ನನ್ನ ಶನಿವಾರದ ಕೆಲಸವೇ! ಅಲ್ಲಿಂದ ಈ ಮನುಷ್ಯನ ಹಿಂದೆ ಬಿದ್ದೆ.

ಮೊಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಲ್ಲಿ. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರ ಓದಿದ. ಹಾಗೆ ಓದಿದವರಿಗೆ ಊರಲ್ಲೇ ಪಾದ್ರಿಯ ಕೆಲಸ ಸಿಗುತ್ತಿದ್ದ ಕಾಲ ಅದು. ಈಗಿನ ಭಾಷೆಯಲ್ಲಿ ಹೇಳಿದರೆ ಸೇಫ್ ಜಾಬ್. ಅದನ್ನು ಬಿಟ್ಟು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸೇರಿದ. ಆ ಮಿಷನ್ನಿನ ಮೊದಲ ಮೂವರು, ಹೆಬಿಕ್, ಲೆಹ್ನರ್ ಮತ್ತು ಗ್ರೈನರ್, 1834ರ ಅಕ್ಟೋಬರ್‌ನಲ್ಲಿ ಮಂಗಳೂರಿಗೆ ಬಂದಿಳಿದಿದ್ದರು. ಮೊಗ್ಲಿಂಗ್ ಬಂದದ್ದು 1836ರಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ. ನಾವು ಇಂಟರ್‌ವ್ಯೂಗೆ ಟೈ ಕಟ್ಟಲು ಕಲಿಯುವ ವಯಸ್ಸು. ಹಡಗಿನಿಂದ ಇಳಿದಾಗ ಇಲ್ಲಿನ ಯಾವ ಭಾಷೆಯೂ ಅವನಿಗೆ ಮಾತಾಡಲು ಬರುತ್ತಿರಲಿಲ್ಲ.

ನೇತ್ರಾವತಿಗೆ ಆಗ ಸೇತುವೆ ಇಲ್ಲ. ತೊಕ್ಕೊಟ್ಟು, ಉಳ್ಳಾಲದ ಕಡೆಯಿಂದ ಪೇಟೆಗೆ ಹೋಗಬೇಕಾದರೆ ದೋಣಿಯೇ ಗತಿ. ಈ ಎರಡು ದಂಡೆಗಳಲ್ಲಿ ಜನ ಈಗಿನಂತೆಯೇ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲವನ್ನೂ ಬೆರೆಸಿ ಮಾತಾಡಿಕೊಂಡಿದ್ದವರು. ಅವರ ನಡುವೆ ಒಬ್ಬ ಜರ್ಮನ್ ಯುವಕ ಒಂದೊಂದೇ ಪದ ಕೇಳಿ ಬರೆದುಕೊಳ್ಳುತ್ತಿದ್ದುದನ್ನು ಊಹಿಸಿಕೊಂಡರೆ ನನಗೆ ಅವನ ಬಗ್ಗೆ ಮೊದಲ ಸಲ ಹತ್ತಿರದ ಭಾವನೆ ಬಂತು. ಅವನು ಧಾರವಾಡ, ಹುಬ್ಬಳ್ಳಿ ಕಡೆಗೂ ಹೋಗಿ ಕೆಲಸ ಮಾಡಿ ಮಂಗಳೂರಿಗೆ ಮರಳಿದ. ಕರಾವಳಿಯ ಕನ್ನಡ, ಬಯಲುಸೀಮೆಯ ಕನ್ನಡ ಎರಡೂ ಕಿವಿಗೆ ಬಿದ್ದವು. ಅವನು ಸಂಗ್ರಹಿಸಿದ ಕನ್ನಡ ಗಾದೆಗಳು ಮುಂದೆ ಪುಸ್ತಕವಾದವು. ಗಾದೆ ಎಂಬುದು ನಿಘಂಟಿನಲ್ಲಿ ಸಿಗುವ ಸರಕಲ್ಲ, ಕೂತು ಕೇಳಿಸಿಕೊಂಡವರಿಗೆ ಮಾತ್ರ ಸಿಗುವುದು.

ಒಂದು ಶನಿವಾರ ಮಧ್ಯಾಹ್ನ ಸ್ಟೇಟ್ ಬ್ಯಾಂಕ್ ಬಸ್ಸು ಹತ್ತಿ ಜ್ಯೋತಿಯಲ್ಲಿ ಇಳಿದು ಬಲ್ಮಠಕ್ಕೆ ನಡೆದೆ. ಈಗ ಕರ್ನಾಟಕ ಥಿಯೋಲಾಜಿಕಲ್ ಕಾಲೇಜ್ ಇರುವ ಗುಡ್ಡ. ದೊಡ್ಡ ಮರಗಳು, ಕೆಂಪು ಹೆಂಚಿನ ಮಾಡುಗಳು, ಕೆಳಗೆ ಟ್ರಾಫಿಕ್ಕಿನ ಗದ್ದಲ. ಮೊಗ್ಲಿಂಗ್‌ನ ವಸತಿ ಶಾಲೆ ನಡೆದದ್ದು ಇಲ್ಲೇ. 1847ರಲ್ಲಿ ಇದೇ ಗುಡ್ಡದಲ್ಲಿ ಅವನ ಮುಂದಾಳುತನದಲ್ಲಿ ಸೆಮಿನರಿಯೂ ಶುರುವಾಯಿತು. ಬಾಸೆಲ್ ಮಿಷನ್ನಿನ ವಸತಿ ಶಾಲೆಗಳ ದಿನ ಪ್ರಾರ್ಥನೆಯಿಂದ ಶುರು. ಆಮೇಲೆ ಓದು, ಬರಹ, ಲೆಕ್ಕ, ಭೂಗೋಳ, ಹಾಡು. ಪಾಠ ಕನ್ನಡದಲ್ಲಿ. ಪುಸ್ತಕದ ಜೊತೆ ಕೈಕೆಲಸವೂ ಇರಲೇಬೇಕು. ಎಲ್ಲಕ್ಕಿಂತ ಕಷ್ಟದ ಪಾಠ ಊಟದ ಹೊತ್ತಿನದ್ದು: ಜಾತಿಯ ಲೆಕ್ಕ ಹೊರಗಿಟ್ಟು ಒಂದೇ ಸಾಲಿನಲ್ಲಿ ಕೂರಬೇಕು. 1840ರ ದಶಕದ ಮಂಗಳೂರಿನಲ್ಲಿ ಇದು ಎಂಥ ಮಾತು ಎಂದು ಈಗಲೂ ಕೆಲವು ಊರುಗಳ ಪಂಕ್ತಿ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಭಾಷೆ ಕಲಿಸಲು ಪುಸ್ತಕ ಬೇಕಲ್ಲ. ಅಚ್ಚಾದ ಕನ್ನಡ ಪುಸ್ತಕಗಳು ಆಗ ಬೆರಳೆಣಿಕೆಯವು. ಇದ್ದವು ಓಲೆಗರಿಗಳು, ಕೈಬರಹದ ಪ್ರತಿಗಳು. 1841ರಲ್ಲಿ ಬಲ್ಮಠಕ್ಕೆ ಕಲ್ಲಚ್ಚಿನ ಯಂತ್ರ ಬಂತು. ಇಲ್ಲಿ ನನ್ನೊಳಗಿನ ಎಂಜಿನಿಯರಿಂಗ್ ವಿದ್ಯಾರ್ಥಿನಿ ಸ್ವಲ್ಪ ಮೂಗು ತೂರಿಸುತ್ತಾಳೆ, ಕ್ಷಮಿಸಿ. ಕಲ್ಲಚ್ಚು ನಿಂತಿರುವುದು ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಎಂಬ ಸಣ್ಣ ಸತ್ಯದ ಮೇಲೆ. ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಅಕ್ಷರ ಮೂಡಿಸುತ್ತಾರೆ. ಕಲ್ಲನ್ನು ಒದ್ದೆ ಮಾಡಿದರೆ ಖಾಲಿ ಜಾಗ ನೀರು ಹಿಡಿಯುತ್ತದೆ, ಅಕ್ಷರ ಹಿಡಿಯುವುದಿಲ್ಲ. ಮೇಲೆ ಶಾಯಿಯ ರೋಲರ್ ಉರುಳಿಸಿದರೆ ಅದು ಅಕ್ಷರಕ್ಕೆ ಮಾತ್ರ ಅಂಟುತ್ತದೆ. ಕಾಗದ ಒತ್ತಿದರೆ ಪುಟ ಸಿದ್ಧ. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ನೂರಾರು ಅಚ್ಚಿನ ಮೊಳೆ ಬೇಡುವ ಕನ್ನಡಕ್ಕೆ ಇದು ವರವಾಯಿತು. ಚೆನ್ನಾಗಿ ಬರೆಯುವ ಒಂದು ಕೈ ಇದ್ದರೆ ಸಾಕು.

ಆ ಕಲ್ಲಿನಿಂದಲೇ 1843ರ ಜುಲೈ 1ರಂದು ಮಂಗಳೂರ ಸಮಾಚಾರ ಹೊರಬಂತು. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ. ಊರಿನ ವರ್ತಮಾನ, ಸರಕಾರದ ಆಜ್ಞೆ, ಪರರಾಜ್ಯದ ಸುದ್ದಿ, ಕಥೆ, ಜೊತೆಗೆ ಸುಬುದ್ಧಿ ಹೇಳುವ ಅಂಕಣ. ಗಮನಿಸಿ, ಪತ್ರಿಕೆಯಲ್ಲೂ ಮಾಷ್ಟ್ರು ಮಾಷ್ಟ್ರೇ! ಓದಲು ಕಲಿತವರಿಗೆ ಓದಲು ಏನಾದರೂ ಬೇಕು, ಓದುವ ಚಟ ಹತ್ತಿದರೆ ಉಳಿದದ್ದು ತಾನಾಗಿ ಬರುತ್ತದೆ ಎಂಬುದು ಅವನ ಲೆಕ್ಕವಾಗಿತ್ತೆಂದು ನನಗೆ ತೋರುತ್ತದೆ. 1844ರ ಮಾರ್ಚ್ ಹೊತ್ತಿಗೆ ಪತ್ರಿಕೆ ಮೊಳೆಯ ಅಚ್ಚಿದ್ದ ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರವಾಯಿತು.

ನನ್ನ ಅಕ್ಕನ ನೋಟ್ಸ್ ಇಲ್ಲಿಗೆ ಮುಗಿಯುತ್ತದೆ. ಆದರೆ ಮೊಗ್ಲಿಂಗ್‌ನ ಬದುಕಿನಲ್ಲಿ ಅದೇ 1844ರ ಜನವರಿ 6ರಂದು ನಡೆದ ಘಟನೆಯನ್ನು ದಾಟಿ ಹೋಗುವುದು ಸರಿಯಲ್ಲ. ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಹುಡುಗ ಇನ್ನಿಬ್ಬರ ಜೊತೆ ಅಂದು ದೀಕ್ಷಾಸ್ನಾನ ಪಡೆದ. ಅವನು ಹುಟ್ಟಿದ್ದು 1825ರಲ್ಲಿ. ಅಂದರೆ ನನಗಿಂತ ಚಿಕ್ಕವ. ಊರಲ್ಲಿ ಗಲಭೆಯೆದ್ದಿತು. ಹಾಗೆ ಮತಾಂತರವಾದವನಿಗೆ ಜಾತಿಯಿಲ್ಲ, ಮನೆಯ ಬಾಗಿಲಿಲ್ಲ. ಅಮ್ಮನ ಪಾಲಿಗೆ ಮಗ ಬದುಕಿದ್ದೂ ಇಲ್ಲದವ. ಶಾಲೆಗೆ ಕಳಿಸಿದ್ದು ಇಂಗ್ಲಿಷ್ ಕಲಿತು ಕಚೇರಿಯಲ್ಲಿ ಕೆಲಸ ಹಿಡಿಯಲಿ ಎಂದು, ಆದದ್ದು ಇದು ಎಂದು ಆ ಮನೆಯಲ್ಲಿ ಎಷ್ಟು ರಾತ್ರಿ ಅತ್ತಿರಬಹುದು?

ಇದನ್ನು ಓದಿದ ಮೇಲೆ ಮೊಗ್ಲಿಂಗ್‌ನನ್ನು ಸುಮ್ಮನೆ ಹೊಗಳಿ ಲೇಖನ ಮುಗಿಸುವುದು ನನ್ನಿಂದಾಗಲಿಲ್ಲ. ಅವನ ಶಾಲೆಯಲ್ಲಿ ನಡತೆಯ ಪಾಠಕ್ಕೆ ಒಂದು ಗುರಿ ಇತ್ತು, ಮತಾಂತರ. ಅದನ್ನು ಅವನೂ ಮುಚ್ಚಿಟ್ಟವನಲ್ಲ. ಇತ್ತ ಆನಂದರಾವ್‌ನನ್ನೂ ಯಾರೋ ಎಳೆದೊಯ್ದ ಮಗುವೆಂದು ತಿಳಿಯುವಂತಿಲ್ಲ. 1846ರಲ್ಲಿ ಮೊಗ್ಲಿಂಗ್ ಯುರೋಪಿಗೆ ಹೋದಾಗ ಅವನೂ ಜೊತೆಗೆ ಹೋದ. ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ, ಹರ್ಮನ್ ಆನಂದರಾವ್ ಕೌಂಡಿನ್ಯ ಎಂದು ಗುರುವಿನ ಹೆಸರನ್ನೂ ತನ್ನ ಹೆಸರನ್ನೂ ಕೂಡಿಸಿಕೊಂಡು ಮರಳಿದ. ಮುಂದೆ ಕೊಡಗಿನಲ್ಲೂ ಇಲ್ಲೂ ದುಡಿದು 1893ರಲ್ಲಿ ತೀರಿಕೊಂಡ. ಎರಡೂ ನಿಜ. ಯಾವುದನ್ನು ಮೇಲೆ ಬರೆಯಬೇಕೆಂದು ಇನ್ನೂ ನನಗೆ ಗೊತ್ತಾಗಿಲ್ಲ.

ಮನೆ, ಜಾತಿ ಕಳೆದುಕೊಂಡವರಿಗೆ ಅಕ್ಷರ ಮತ್ತು ಒಳ್ಳೆಯ ನಡತೆ ಇದ್ದರೆ ಹೊಟ್ಟೆ ತುಂಬುತ್ತದೆಯೇ? ಮಿಷನ್ನಿನ ಮುಂದೆ ಈ ಪ್ರಶ್ನೆ ಬೇಗನೇ ಬಂತು. ಕೆಲಸ ಹುಡುಕುತ್ತಿರುವ ನಮಗೂ ಇದು ಹೊಸದಲ್ಲ. ನೇಯ್ಗೆ, ಮುದ್ರಣ, ಪುಸ್ತಕ ಕಟ್ಟುವ ಕೆಲಸ ಶುರುವಾದದ್ದು ಹಾಗೆ. 1851ರ ನಂತರ ಹಾಲರ್ ಎಂಬವನು ನೇಯ್ಗೆಯಲ್ಲಿ ಖಾಕಿ ಬಣ್ಣ ತಂದ. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ. ನಮ್ಮ ಅಜ್ಜಿಮನೆಯ ಮಾಡಿನ ಮಂಗಳೂರು ಹೆಂಚಿನ ವಂಶಾವಳಿ ಅಲ್ಲಿಂದ.

ಯುರೋಪಿನಿಂದ ಮರಳಿದ ಮೊಗ್ಲಿಂಗ್ ಕೈ ಹಾಕಿದ ಕೆಲಸವೇ ನನ್ನ ಮಟ್ಟಿಗೆ ಅವನ ಬದುಕಿನ ಅತ್ಯಂತ ಕುತೂಹಲದ ಭಾಗ. 1848ರಿಂದ ಅವನು ಬಿಬ್ಲಿಯೊಥೆಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಹಳೆಯ ಕನ್ನಡ ಕೃತಿಗಳನ್ನು ಕಲ್ಲಚ್ಚಿನಲ್ಲಿ ಹೊರತಂದ. ಕಾಸಮೇಜರ್ ಎಂಬ ಇಂಗ್ಲಿಷ್ ಅಧಿಕಾರಿಯ ಹಣದ ನೆರವಿತ್ತು. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು. ನೋಡಿ, ವೀರಶೈವರದ್ದು, ವೈಷ್ಣವರದ್ದು ಎಲ್ಲವೂ ಒಬ್ಬ ಪಾದ್ರಿಯ ಅಚ್ಚಿನಲ್ಲಿ! ಹುಡುಗರ ಧರ್ಮ ಬದಲಾಗಲಿ ಎಂದು ಬಯಸಿದವನೇ ಅದೇ ಧರ್ಮದ ಹಾಡುಗಳು ಕಳೆದುಹೋಗಬಾರದೆಂದು ಪಾಠಾಂತರ ಹುಡುಕಿದ. ಜನರನ್ನು ಅರಿಯಲು ಅವರ ಹಾಡು ತಿಳಿದಿರಬೇಕು, ಒಳ್ಳೆಯ ಕನ್ನಡ ಕಲಿಯಲು ಒಳ್ಳೆಯ ಕನ್ನಡವನ್ನೇ ಓದಬೇಕು ಎಂಬ ಲೆಕ್ಕ ಮೊದಲಿಗೆ ಇದ್ದಿರಬೇಕು. ಆದರೆ ಬರೀ ಲೆಕ್ಕದಿಂದ ಯಾರೂ ಅಷ್ಟು ವರ್ಷ ದಾಸರ ಪದಗಳ ಜೊತೆ ಕೂರುವುದಿಲ್ಲ.

ಅದೇ ಗುಂಪಿನ ಗ್ರೈನರ್ 1847ರ ಹೊತ್ತಿಗೆ ಹೊಸ ಒಡಂಬಡಿಕೆಯನ್ನು ತುಳುವಿಗೆ ತಂದಿದ್ದ. ಕನ್ನಡ ಲಿಪಿಯಲ್ಲಿ ಅಚ್ಚಾದ ತುಳು. 1886ರಲ್ಲಿ ಮ್ಯಾನರ್‌ನ ತುಳು ನಿಘಂಟು, 1894ರಲ್ಲಿ ಕಿಟೆಲ್‌ನ ಸುಮಾರು 70,000 ಪದಗಳ ಕನ್ನಡ ನಿಘಂಟು, ಎರಡೂ ಬಾಸೆಲ್ ಮಿಷನ್ ಮುದ್ರಣಾಲಯದಿಂದ. ಇದನ್ನು ಓದುವಾಗ ನನಗೆ ಒಂದು ಬೆಂಚು ಕಣ್ಣ ಮುಂದೆ ಬಂತು. ನಾನು ಕ್ಲಾಸಿನಲ್ಲಿ ನಗಿಸಿದ್ದು ಯಾವ ಭಾಷೆಯ ಮೇಲೋ, ಅದರ ಒಂದೊಂದೇ ಪದವನ್ನು ಹೊರಗಿನಿಂದ ಬಂದವರು ಹೆಕ್ಕಿ ಹೆಕ್ಕಿ ಬರೆದಿಟ್ಟಿದ್ದರು. ನನ್ನ ಅಮ್ಮನ ಭಾಷೆಯೂ ಅದೇ ಎಂಬುದು ಬೇರೆ ಮಾತು.

ಮುಂದಿನದನ್ನು ಬೇಗ ಹೇಳುತ್ತೇನೆ. 1853ರಲ್ಲಿ ಮೊಗ್ಲಿಂಗ್ ಊರಿಗೆ ಮರಳಲು ಹೊರಟವನು ಕೊಡಗಿನ ಅಲ್ಮಂಡ ಮನೆತನದ ಒಬ್ಬರ ಕರೆಗೆ ಓಗೊಟ್ಟು ಘಟ್ಟ ಹತ್ತಿದ. 1855ರಲ್ಲಿ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದ. ಜೊತೆಗಾರ ವೈಗ್ಲೆ ತೀರಿಕೊಂಡ ಮೇಲೆ ಅವನ ಹೆಂಡತಿ ಪೌಲಿನಾಳನ್ನು ಮದುವೆಯಾಗಿ ಆ ಮಕ್ಕಳಿಗೂ ತಂದೆಯಾದ. ಆನಂದಪುರದಲ್ಲಿ ಕ್ರೈಸ್ತರಾದ ಬಡವರಿಗೆ ನೆಲೆ ಮಾಡಿಕೊಡುವ ಕೆಲಸದಲ್ಲಿ ಆನಂದರಾವ್ ಜೊತೆಗಿದ್ದ. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1860ರಲ್ಲಿ ಹೆಂಡತಿಯ ಕಾಯಿಲೆಯಿಂದಾಗಿ ಜರ್ಮನಿಗೆ ಹಿಂದಿರುಗಿದ. ಮತ್ತೆ ಇತ್ತ ಬರಲಿಲ್ಲ.

ಅಲ್ಲಿ ಕೂತು ಮಾಡಿದ್ದೇನು ಗೊತ್ತೇ? ದಾಸರ ಪದಗಳನ್ನು ಜರ್ಮನ್ ಭಾಷೆಗೆ ಅನುವಾದಿಸಿ ಅಲ್ಲಿನ ಪೌರಸ್ತ್ಯ ವಿದ್ವಾಂಸರ ಪತ್ರಿಕೆಯಲ್ಲಿ ಪ್ರಕಟಿಸಿದ. ಹೊರಗೆ ಹಿಮ, ಒಳಗೆ ಮೇಜಿನ ಮೇಲೆ ಕನ್ನಡದ ಹಾಡು. ಇದು ನನ್ನ ಕಲ್ಪನೆ, ಆದರೂ ಬಿಡಲು ಮನಸ್ಸಿಲ್ಲ. 1881ರ ಮೇ 10ರಂದು ಎಸ್ಲಿಂಗೆನ್‌ನಲ್ಲಿ ತೀರಿಕೊಂಡ.

ಬಲ್ಮಠದಿಂದ ಬಂದ ಮುಂದಿನ ಶನಿವಾರ ನಾನು ಬೋರ್ಡಿನ ಮೇಲೆ ಬರ್ಸ ಎಂದು ದೊಡ್ಡದಾಗಿ ಬರೆದೆ. ಅದನ್ನು ಓದಿ ನಗಿಸಿದ್ದು ನನ್ನ ತಪ್ಪು ಎಂದು ಮಕ್ಕಳಿಗೆ ಹೇಳಿದೆ. ಅವರು ಸ್ವಲ್ಪ ಗಲಿಬಿಲಿಗೊಂಡರು, ದೊಡ್ಡವರು ಹಾಗೆ ಹೇಳುವುದು ಅಭ್ಯಾಸವಿಲ್ಲ. ಆಮೇಲೆ ಮಳೆಗೆ ಮನೆಯಲ್ಲಿ ಏನನ್ನುತ್ತೀರಿ ಎಂದು ಕೇಳಿದೆ. ಕೊಂಕಣಿಯ ಪಾವ್ಸ್ ಬಂತು. ಬ್ಯಾರಿ ಮನೆಯ ಹುಡುಗಿಯೊಬ್ಬಳು ತನ್ನ ಪದ ಹೇಳಿ, ಅದನ್ನು ಬರೆಯುವುದು ಹೇಗೆಂದು ನನ್ನನ್ನೇ ಕೇಳಿ ಸಿಕ್ಕಿಹಾಕಿಸಿದಳು. ಕೊನೆಗೆ ಎಲ್ಲದರ ಕೆಳಗೆ ಮಳೆ ಎಂದು ಬರೆದು, ಪರೀಕ್ಷೆಯಲ್ಲಿ ಬರೆಯಬೇಕಾದದ್ದು ಇದು ಎಂದೂ ಹೇಳಿದೆ. ಅದನ್ನು ಹೇಳದಿದ್ದರೆ ಅವರ ಅಂಕ ಹೋಗುತ್ತದೆ.

ಆ ಹುಡುಗ ಅಂದೂ ಬಂದಿರಲಿಲ್ಲ. ಸಂಜೆ ಅವನ ಮನೆ ಹುಡುಕಿಕೊಂಡು ಹೋದೆ. ಅವನ ಅಮ್ಮ ಚಾ ಮಾಡಿ ಕೊಟ್ಟರು, ಅವನು ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. ನಾನು ತುಳುವಿನಲ್ಲೇ ಬಾಗಿಲ ಆಚೆಯಿಂದ ನಾಲ್ಕು ಮಾತು ಹೇಳಿ ಬಂದೆ. ಒಂದು ವಾರ ಕಳೆದ ಮೇಲೆ ಬಂದ. ಕೊನೆಯ ಬೆಂಚಿನಲ್ಲಿ, ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಕೂತ. ಎಲ್ಲರ ಜೊತೆ ಓದುತ್ತಾನೆ, ಕೇಳಿದ್ದಕ್ಕೆ ಉತ್ತರವನ್ನೂ ಕೊಡುತ್ತಾನೆ. ನೋಟ್ ಪುಸ್ತಕ ಮಾತ್ರ ಇನ್ನೂ ನನಗೆ ತೋರಿಸಿಲ್ಲ.