102ನೇ ಹೆಸರು

1955ರ ಜನವರಿಯಲ್ಲಿ ಅಮೆರಿಕದ ವೃತ್ತಿಪರ ಫುಟ್‌ಬಾಲ್ ತಂಡಗಳೆಲ್ಲ ನ್ಯೂಯಾರ್ಕ್‌ನಲ್ಲಿ ಸೇರಿ ಕಾಲೇಜು ಆಟಗಾರರನ್ನ ಆರಿಸಿಕೊಂಡವು. ಇದಕ್ಕೆ ಅವರು ಡ್ರಾಫ್ಟ್ ಅಂತಾರೆ. ಆ ವರ್ಷ ಮೊಟ್ಟಮೊದಲು ಕರೆದ ಹೆಸರು ಜಾರ್ಜ್ ಶಾ, ಒರೆಗಾನ್ ಕಾಲೇಜಿನ ಕ್ವಾರ್ಟರ್‌ಬ್ಯಾಕ್. ಅವನನ್ನ ತಗೊಂಡಿದ್ದು ಬಾಲ್ಟಿಮೋರ್ ಕೋಲ್ಟ್ಸ್. ಒಂಬತ್ತನೇ ಸುತ್ತಿನಲ್ಲಿ, 102ನೆಯದಾಗಿ, ಪಿಟ್ಸ್‌ಬರ್ಗ್ ಸ್ಟೀಲರ್ಸ್ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಹೆಸರು ಹೇಳಿತು. ಜಾನಿ ಯುನೈಟಸ್. ಯಾರೂ ತಲೆ ಎತ್ತಿ ನೋಡಿರಲಿಕ್ಕಿಲ್ಲ. ಮುಂದೆ ಈ ಆಟದ ಚರಿತ್ರೆಯಲ್ಲೇ ಅತಿ ದೊಡ್ಡ ಕ್ವಾರ್ಟರ್‌ಬ್ಯಾಕ್‌ಗಳ ಪಟ್ಟಿ ಮಾಡಿದಾಗಲೆಲ್ಲ ಬರೋದು ಆ 102ನೇ ಹೆಸರು.

ಕಥೆಗೆ ಹೋಗೋ ಮುಂಚೆ ಆಟದ ಬಗ್ಗೆ ಎರಡು ಮಾತು. ಇದು ನಾವು ಹಾಸ್ಟೆಲ್ ಗ್ರೌಂಡ್‌ನಲ್ಲಿ ಆಡೋ ಫುಟ್‌ಬಾಲ್ ಅಲ್ಲ. ಒಂದೊಂದು ತಂಡದಲ್ಲಿ 11 ಜನ, ಗೋಲ್ ಗೆರೆಯಿಂದ ಗೋಲ್ ಗೆರೆಗೆ 100 ಗಜ, ಮೊಟ್ಟೆ ಆಕಾರದ ಚೆಂಡು. ನಾಲ್ಕು ಪ್ರಯತ್ನದೊಳಗೆ 10 ಗಜ ಮುಂದೆ ಹೋಗಬೇಕು, ಇಲ್ಲಾಂದ್ರೆ ಚೆಂಡು ಎದುರಾಳಿಗೆ. ಪ್ರತಿ ಪ್ರಯತ್ನದಲ್ಲೂ ಚೆಂಡು ಮೊದಲು ಕೈಗೆ ಬರೋದು ಕ್ವಾರ್ಟರ್‌ಬ್ಯಾಕ್‌ಗೆ. ನೂರು ಕೆಜಿ ಮೀರಿದ ಜನ ಅವನನ್ನ ಕೆಡವೋಕೆ ಓಡಿ ಬರ್ತಿರ್ತಾರೆ. ಎರಡು ಮೂರು ಸೆಕೆಂಡಿನಲ್ಲಿ ಯಾರು ಖಾಲಿ ಇದ್ದಾರೆ ಅಂತ ನೋಡಿ, ಅವರು ಈಗ ಇರೋ ಕಡೆ ಅಲ್ಲ, ಚೆಂಡು ತಲುಪೋ ಹೊತ್ತಿಗೆ ಎಲ್ಲಿರ್ತಾರೋ ಅಲ್ಲಿಗೆ ಎಸೀಬೇಕು.

ಇಂಥ ಕೆಲಸಕ್ಕೆ ಒಬ್ಬ ಕಾಲೇಜು ಹುಡುಗ ಲಾಯಕ್ಕಾ ಅಂತ ಹೇಗೆ ಅಳೆಯೋದು? ಎತ್ತರ ಅಳೀಬಹುದು, ತೂಕ ಅಳೀಬಹುದು, ಓಟದ ವೇಗ ಅಳೀಬಹುದು. ಆ ಎರಡು ಸೆಕೆಂಡಿನ ಒಳಗೆ ತಲೆಯಲ್ಲಿ ಏನು ನಡೆಯುತ್ತೆ ಅನ್ನೋದನ್ನ ಅಳೆಯೋ ಮೀಟರ್ ಇನ್ನೂ ಯಾರ ಹತ್ರಾನೂ ಇಲ್ಲ. ಯುನೈಟಸ್ ಬದುಕು ಪೂರ್ತಿ ಈ ಪ್ರಶ್ನೆಯ ಸುತ್ತಲೇ ಇದೆ.

ಅವನು ಹುಟ್ಟಿದ್ದು 1933ರ ಮೇ 7ರಂದು, ಪಿಟ್ಸ್‌ಬರ್ಗ್‌ನಲ್ಲಿ. ಲಿಥುವೇನಿಯಾದಿಂದ ಬಂದವರ ಮನೆತನ. ಅಪ್ಪನದು ಮನೆಮನೆಗೆ ಕಲ್ಲಿದ್ದಲು ಹಾಕೋ ಸಣ್ಣ ವ್ಯಾಪಾರ. ಜಾನಿಗೆ ಐದು ವರ್ಷ ಆಗಿದ್ದಾಗ ಅಪ್ಪ ತೀರಿಹೋದರು. ಅಮ್ಮ ಹೆಲೆನ್ ಆ ವ್ಯಾಪಾರ ಬಿಡಲಿಲ್ಲ. ಜೊತೆಗೆ ಕಚೇರಿಗಳಲ್ಲಿ ಕಸ ಗುಡಿಸೋ ಕೆಲಸ ಮಾಡಿದರು, ಲೆಕ್ಕ ಬರೆಯೋದನ್ನ ಕಲಿತರು, ನಾಲ್ಕು ಮಕ್ಕಳನ್ನ ಸಾಕಿದರು. ಕಷ್ಟ ಬಂದಾಗ ಗಲಾಟೆ ಮಾಡದೆ ಮುಂದಿನ ಕೆಲಸ ನೋಡೋ ಅವನ ಗುಣ ಎಲ್ಲಿಂದ ಬಂತು ಅಂತ ಬೇರೆ ಕಡೆ ಹುಡುಕಬೇಕಾಗಿಲ್ಲ.

ಹೈಸ್ಕೂಲ್ ಮುಗಿದಾಗ ಅವನ ಆಸೆ ಇದ್ದಿದ್ದು ನೊಟ್ರ ಡೇಮ್ ಮೇಲೆ. ಆ ಕಾಲದಲ್ಲಿ ಕಾಲೇಜು ಫುಟ್‌ಬಾಲ್ ಅಂದ್ರೆ ನೊಟ್ರ ಡೇಮ್. ಅವರು ಬೇಡ ಅಂದರು, ಹುಡುಗ ತೀರಾ ಸಣಕಲು ಅಂತ. ಅವನ ತೂಕ ಸುಮಾರು 66 ಕೆಜಿ. ಊರಿನ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ ಸ್ಕಾಲರ್‌ಶಿಪ್ ಕೊಡೋಕೆ ತಯಾರಿತ್ತು, ಆದರೆ ಪ್ರವೇಶ ಪರೀಕ್ಷೆಯಲ್ಲಿ ಅವನು ಫೇಲಾದ. ಕೊನೆಗೆ ಸಿಕ್ಕಿದ್ದು ಕೆಂಟಕಿ ರಾಜ್ಯದ ಲೂಯಿವಿಲ್. ಫುಟ್‌ಬಾಲ್‌ನಲ್ಲಿ ಆಗ ಅಷ್ಟೇನೂ ಹೆಸರಿಲ್ಲದ ಕಾಲೇಜು.

ಅಲ್ಲಿನ ಕೋಚ್ ಫ್ರಾಂಕ್ ಕ್ಯಾಂಪ್ ಅವನನ್ನ ಮೊದಲ ವರ್ಷದಲ್ಲೇ, 1951ರಲ್ಲಿ, ಆಡಿಸಿದರು. ಸೇಂಟ್ ಬೊನವೆಂಚರ್ ತಂಡದ ಮೇಲೆ ಅವನು ಸಾಲಾಗಿ 11 ಪಾಸ್ ಸರಿಯಾಗಿ ತಲುಪಿಸಿದ. ಆದರೂ ತಂಡ ಒಂದೇ ಒಂದು ಪಾಯಿಂಟ್‌ನಿಂದ ಸೋತಿತು. ಇನ್ನೇನು ಹೆಸರು ಬರುತ್ತೆ ಅನ್ನೋವಷ್ಟರಲ್ಲಿ ಕಾಲೇಜೇ ಕ್ರೀಡೆಗೆ ಕೊಡ್ತಿದ್ದ ಒತ್ತು ಕಡಿಮೆ ಮಾಡಿತು. ಓದಿನ ನಿಯಮ ಬಿಗಿಯಾಯ್ತು, 15 ಆಟಗಾರರ ಸ್ಕಾಲರ್‌ಶಿಪ್ ಹೋಯ್ತು. ಉಳಿದ ಚಿಕ್ಕ ತಂಡದಲ್ಲಿ ಯುನೈಟಸ್ ಎಸೆಯೋದರ ಜೊತೆಗೆ ರಕ್ಷಣೆಗೂ ನಿಲ್ಲಬೇಕಾಯ್ತು. ಕೊನೇ ವರ್ಷದಲ್ಲಿ ಗಾಯಗಳು ಕಾಡಿದವು.

ಈಗ ನೀವೇ ಒಂದು ತಂಡದ ಆಯ್ಕೆಗಾರರು ಅಂದ್ಕೊಳ್ಳಿ. ನಿಮ್ಮ ಮುಂದೆ ಇರೋ ಫೈಲ್‌ನಲ್ಲಿ ಏನಿದೆ? ಸೋಲುತ್ತಿದ್ದ ತಂಡ, ಸಾಧಾರಣ ಅಂಕಿಗಳು, ಗಾಯ, ಹೆಸರಿಲ್ಲದ ಕಾಲೇಜು. ಅವನ ತೂಕ ಈ ನಾಲ್ಕು ವರ್ಷದಲ್ಲಿ ಏರಿತ್ತು, ಎತ್ತರ ಆರಡಿ ಒಂದಿಂಚು ಆಗಿತ್ತು, ಅದು ಸರಿ. ಆದರೆ ದುರ್ಬಲ ತಂಡದಲ್ಲಿ ಆಡೋನ ಅಂಕಿಯಲ್ಲಿ ಅವನದೆಷ್ಟು, ತಂಡದ್ದೆಷ್ಟು ಅಂತ ಬಿಡಿಸೋದು ಹೇಗೆ? ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸಿಗ್ನಲ್‌ಗಿಂತ ನಾಯ್ಸ್ ಜಾಸ್ತಿ. ಹಾಗಾಗಿ 102ನೇ ಸ್ಥಾನ ಅನ್ನೋದು ಮೂರ್ಖತನದ ತೀರ್ಮಾನ ಅಂತ ನನಗನ್ನಿಸಲ್ಲ. ಕೈಯಲ್ಲಿದ್ದ ಮಾಹಿತಿಗೆ ಅದು ನ್ಯಾಯವಾದ ಊಹೆಯೇ.

ಅನ್ಯಾಯ ಆಗಿದ್ದು ಅದಾದ ಮೇಲೆ. ಸ್ಟೀಲರ್ಸ್ ಶಿಬಿರದಲ್ಲಿ ನಾಲ್ವರು ಕ್ವಾರ್ಟರ್‌ಬ್ಯಾಕ್‌ಗಳು, ಜಾಗ ಮೂರು. ಕೋಚ್ ವಾಲ್ಟ್ ಕೀಸ್ಲಿಂಗ್ ಅವನಿಗೆ ಒಂದೇ ಒಂದು ಅಭ್ಯಾಸ ಪಂದ್ಯದಲ್ಲೂ ಆಡೋಕೆ ಅವಕಾಶ ಕೊಡಲಿಲ್ಲ. ಸೀಸನ್ ಶುರುವಾಗೋ ಮುಂಚೆ ಮನೆಗೆ ಕಳಿಸಿದರು. ಉಳಿದುಕೊಂಡವರಲ್ಲಿ ಅದೇ ಡ್ರಾಫ್ಟ್‌ನಲ್ಲಿ ಅವನಿಗಿಂತ ಎರಡು ಸುತ್ತು ಹಿಂದೆ ಬಂದಿದ್ದ ವಿಕ್ ಈಟನ್ ಕೂಡ ಇದ್ದ. ಪರೀಕ್ಷೆ ಬರೆಸದೆಯೇ ಫೇಲ್ ಅಂದ ಹಾಗೆ.

ಆಗ ಅವನಿಗೆ 22 ವರ್ಷ, ಮದುವೆಯಾಗಿತ್ತು, ಸಂಸಾರ ಸಾಗಬೇಕಿತ್ತು. ಪಿಟ್ಸ್‌ಬರ್ಗ್‌ನಲ್ಲೇ ಕಟ್ಟಡ ಕೆಲಸಕ್ಕೆ ಸೇರಿಕೊಂಡ. ಆಟ ಮಾತ್ರ ಬಿಡಲಿಲ್ಲ. ಬ್ಲೂಮ್‌ಫೀಲ್ಡ್ ರ‍್ಯಾಮ್ಸ್ ಅನ್ನೋ ಗಲ್ಲಿ ಮಟ್ಟದ ಅರೆ-ವೃತ್ತಿಪರ ತಂಡ ಸೇರಿದ. ಪಂದ್ಯಕ್ಕೆ ಸಂಬಳ ಆರು ಡಾಲರ್. ಹಗಲು ಕಟ್ಟಡದ ಕೆಲಸ, ಬಿಡುವಿನಲ್ಲಿ ಫುಟ್‌ಬಾಲ್.

1956ರಲ್ಲಿ ಬಾಲ್ಟಿಮೋರ್ ಕೋಲ್ಟ್ಸ್‌ಗೆ ಒಬ್ಬ ಬದಲಿ ಕ್ವಾರ್ಟರ್‌ಬ್ಯಾಕ್ ಬೇಕಾಗಿತ್ತು. ಬಂದು ತೋರಿಸು ಅಂತ ಕರೆದರು. ಕೋಚ್ ವೀಬ್ ಯೂಬ್ಯಾಂಕ್ ಇಲ್ಲಿ ಒಂದು ಒಳ್ಳೇ ಕೆಲಸ ಮಾಡಿದರು. ಅವನು ನಿಲ್ಲೋದು, ಎಸೆಯೋದು, ಎಸೆದ ಮೇಲೆ ಕೈ ಎಲ್ಲಿಗೆ ಹೋಗುತ್ತೆ ಅನ್ನೋದು, ಎಲ್ಲದರ ಫೋಟೋ ತೆಗೆಸಿ ಕೂತು ನೋಡಿದರು. ಎಸೆದಾದ ಮೇಲೆ ಅವನ ಕೈ ಬೇಸ್‌ಬಾಲ್ ಎಸೆಯೋರ ಹಾಗೆ ಪೂರ್ತಿ ತಿರುಗಿ ಕೆಳಗೆ ಬರುತ್ತಿತ್ತು. ಅದು ಕೋಚ್‌ಗಳ ಕಣ್ಣಿಗೆ ಬಿತ್ತು. ಫೈಲ್ ಬದಿಗಿಟ್ಟು ಕೆಲಸವನ್ನೇ ನೋಡಿದ್ದು ಇವರು. ತಂಡದಲ್ಲಿ ಉಳಿದರೆ ವರ್ಷಕ್ಕೆ 7,000 ಡಾಲರ್ ಅಂತ ಒಪ್ಪಂದ ಆಯ್ತು.

ಆದರೂ ಅವನು ಬೆಂಚಿನ ಮೇಲೇ. ಮುಂದೆ ಆಡ್ತಿದ್ದಿದ್ದು ಯಾರು ಗೊತ್ತಾ? ಅದೇ ಜಾರ್ಜ್ ಶಾ, ಡ್ರಾಫ್ಟ್‌ನ ಮೊದಲ ಹೆಸರು. ಆ ವರ್ಷದ ನಾಲ್ಕನೇ ಪಂದ್ಯದಲ್ಲಿ, ಷಿಕಾಗೊ ಬೇರ್ಸ್ ಮೇಲೆ, ಶಾ ಕಾಲು ಮುರಿಯಿತು. ಯುನೈಟಸ್ ಒಳಗೆ ಬಂದ. ಅವನ ಮೊದಲ ಪಾಸ್ ಎದುರಾಳಿ ಕೈಗೆ ಹೋಯ್ತು, ಅವನು ಅದನ್ನ ಹಿಡಿದುಕೊಂಡು ಓಡಿ ಟಚ್‌ಡೌನ್ ಮಾಡಿದ. ಮುಂದಿನ ಆಟದಲ್ಲೇ ಚೆಂಡು ಜೊತೆಗಾರನಿಗೆ ಕೊಡುವಾಗ ಕೈ ತಪ್ಪಿತು. ಪಂದ್ಯ 58-27ರಿಂದ ಸೋತರು.

ಇಲ್ಲಿ ಸ್ವಲ್ಪ ನಿಲ್ಲೋಣ. ಆ ಸಂಜೆ ಯಾರಾದ್ರೂ ಅವನ ಮೌಲ್ಯಮಾಪನ ಮಾಡಿದ್ದರೆ ಕೀಸ್ಲಿಂಗ್ ಮಾಡಿದ್ದೇ ಸರಿ ಅಂತಿದ್ದರು. ಒಂದೇ ರೀಡಿಂಗ್ ತಗೊಂಡು ಗ್ರಾಫ್ ಎಳೆಯೋಕಾಗಲ್ಲ ಅಂತ ನಮಗೆ ಲ್ಯಾಬ್‌ನಲ್ಲಿ ಮೊದಲ ವಾರವೇ ಹೇಳಿಕೊಡ್ತಾರೆ. ಯೂಬ್ಯಾಂಕ್ ಅವನನ್ನ ಆಡಿಸ್ತಾ ಹೋದರು. ಮುಂದಿನ ಪಂದ್ಯದಲ್ಲಿ ಗ್ರೀನ್ ಬೇ ತಂಡವನ್ನ ಸೋಲಿಸಿದರು. 1957ರಲ್ಲಿ ಇಡೀ ಲೀಗ್‌ನಲ್ಲಿ ಅತಿ ಹೆಚ್ಚು ಗಜ ಪಾಸ್ ಮಾಡಿದವನು ಯುನೈಟಸ್, ಅತಿ ಹೆಚ್ಚು ಟಚ್‌ಡೌನ್ ಪಾಸ್ ಕೊಟ್ಟವನೂ ಅವನೇ.

ಅವನ ಜೊತೆಗಾರನ ವಿಷಯ ಹೇಳದಿದ್ರೆ ಕಥೆ ಅರ್ಧ. ಅವನ ಪಾಸ್ ಹಿಡಿಯುತ್ತಿದ್ದ ರೇಮಂಡ್ ಬೆರಿ ಡ್ರಾಫ್ಟ್ ಆಗಿದ್ದು 20ನೇ ಸುತ್ತಿನಲ್ಲಿ. ಕಣ್ಣು ಸರಿಯಿಲ್ಲ, ಓಟದಲ್ಲಿ ವೇಗ ಇಲ್ಲ. ಇಬ್ಬರೂ ಎಲ್ಲರ ಅಭ್ಯಾಸ ಮುಗಿದ ಮೇಲೆ ಮೈದಾನದಲ್ಲಿ ಉಳಿದು, ಒಂದೇ ಪಾಸನ್ನ ಮತ್ತೆ ಮತ್ತೆ ಎಸೆದು ಹಿಡಿದು ಮಾಡ್ತಿದ್ದರು. ಬೆರಿ ತಿರುಗೋ ಮುಂಚೆಯೇ ಚೆಂಡು ಗಾಳಿಯಲ್ಲಿರುತ್ತಿತ್ತು.

1958ರ ಡಿಸೆಂಬರ್ 28, ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂ, ಲೀಗ್ ಫೈನಲ್. ಎದುರಿಗೆ ನ್ಯೂಯಾರ್ಕ್ ಜೈಂಟ್ಸ್. ಎರಡು ನಿಮಿಷಕ್ಕಿಂತ ಕಡಿಮೆ ಇದೆ, ಕೋಲ್ಟ್ಸ್ 14-17ರಿಂದ ಹಿಂದಿದೆ, ಚೆಂಡು ತಮ್ಮದೇ ಕಡೆಯ 14 ಗಜದ ಗೆರೆಯಲ್ಲಿ. ಮುಂದೆ ಹೋಗಬೇಕಾದ ದಾರಿ ಇಡೀ ಮೈದಾನ. ಯುನೈಟಸ್ ಬೆರಿಗೆ ಸಾಲಾಗಿ ಮೂರು ಪಾಸ್ ಕೊಟ್ಟ, ಒಟ್ಟು 62 ಗಜ. ಏಳು ಸೆಕೆಂಡ್ ಉಳಿದಿರುವಾಗ ಸ್ಟೀವ್ ಮೈರಾ ಒದ್ದ ಕಿಕ್‌ನಿಂದ 17-17. ಲೀಗ್ ಫೈನಲ್ ಮೊದಲ ಸಲ ಹೆಚ್ಚುವರಿ ಸಮಯಕ್ಕೆ ಹೋಯ್ತು. ಮೊದಲು ಪಾಯಿಂಟ್ ಮಾಡಿದವರು ಚಾಂಪಿಯನ್.

ಆ ಕಾಲದಲ್ಲಿ ಕೋಚ್ ಕಿವಿಯಲ್ಲಿ ಹೇಳೋಕೆ ಹೆಲ್ಮೆಟ್‌ನಲ್ಲಿ ರೇಡಿಯೊ ಇರಲಿಲ್ಲ. ಯಾವ ಆಟ ಆಡಬೇಕು ಅಂತ ತೀರ್ಮಾನ ಮಾಡ್ತಿದ್ದಿದ್ದು ಯುನೈಟಸ್. 13 ಆಟಗಳಲ್ಲಿ 80 ಗಜ ತಂಡವನ್ನ ನಡೆಸಿಕೊಂಡು ಹೋದ. ಗೋಲ್ ಹತ್ತಿರ ಬಂದಾಗ ಸುಮ್ಮನೆ ಒಂದು ಕಿಕ್ ಒದ್ದರೆ ಗೆಲುವು. ಎಲ್ಲರೂ ಅದನ್ನೇ ನಿರೀಕ್ಷಿಸುತ್ತಿದ್ದಾಗ ಅವನು ಅಂಚಿಗೆ ಪಾಸ್ ಎಸೆದ, ಜಿಮ್ ಮಶೆಲರ್ ಒಂದು ಗಜದ ಹತ್ತಿರ ಹಿಡಿದ. ಮುಂದಿನ ಆಟದಲ್ಲಿ ಆಲನ್ ಅಮೀಚಿ ಚೆಂಡು ಹಿಡಿದು ಒಳಗೆ ನುಗ್ಗಿದ. 23-17. ಟಿವಿಯಲ್ಲಿ ಕೋಟಿಗಟ್ಟಲೆ ಜನ ನೋಡಿದ ಈ ಪಂದ್ಯದಿಂದಲೇ ವೃತ್ತಿಪರ ಫುಟ್‌ಬಾಲ್ ಅಮೆರಿಕದ ಮನೆಮಾತಾಯ್ತು ಅಂತ ಹೇಳೋರು ಬಹಳ ಜನ.

1959ರಲ್ಲೂ ಕೋಲ್ಟ್ಸ್ ಚಾಂಪಿಯನ್. 1956ರಿಂದ 1960ರವರೆಗೆ ಸಾಲಾಗಿ 47 ಪಂದ್ಯಗಳಲ್ಲಿ ಅವನು ಕನಿಷ್ಠ ಒಂದು ಟಚ್‌ಡೌನ್ ಪಾಸ್ ಕೊಟ್ಟ. ಈ ದಾಖಲೆ ಮುರಿಯೋಕೆ 2012ರವರೆಗೆ, ಡ್ರೂ ಬ್ರೀಸ್ ಬರೋವರೆಗೆ ಕಾಯಬೇಕಾಯ್ತು. ಒಟ್ಟು 40,000 ಗಜ ಪಾಸ್ ದಾಟಿದ ಮೊದಲ ಆಟಗಾರ ಕೂಡ ಅವನೇ. 1968ರಲ್ಲಿ ಎಸೆಯೋ ಕೈಯ ಮೊಣಕೈಗೆ ಪೆಟ್ಟಾಯ್ತು. ಆಮೇಲೂ ಆಡಿದ, ಕೊನೇ ಸೀಸನ್ 1973ರಲ್ಲಿ ಸ್ಯಾನ್ ಡಿಯಾಗೊ ತಂಡಕ್ಕೆ. 1979ರಲ್ಲಿ ಹಾಲ್ ಆಫ್ ಫೇಮ್ ಸೇರಿದ.

ಆಟ ಕೊಟ್ಟಿದ್ದನ್ನ ಆಟವೇ ಸ್ವಲ್ಪ ವಾಪಸ್ ತಗೊಂಡಿತು. ವಯಸ್ಸಾದ ಮೇಲೆ ಆ ಬಲಗೈ ಬೆರಳುಗಳು ಸರಿಯಾಗಿ ಮಡಚುತ್ತಿರಲಿಲ್ಲ. ಗಾಲ್ಫ್ ಕೋಲು ಹಿಡಿಯೋಕೂ ಪಟ್ಟಿ ಕಟ್ಟಿಕೊಳ್ಳಬೇಕಿತ್ತು. ಲೀಗ್‌ನಿಂದ ಅಂಗವೈಕಲ್ಯ ಪರಿಹಾರ ಕೇಳಿದ, ಸಿಗಲಿಲ್ಲ. 2002ರ ಸೆಪ್ಟೆಂಬರ್ 11ರಂದು, ಬಾಲ್ಟಿಮೋರ್ ಹತ್ತಿರ ವ್ಯಾಯಾಮ ಮಾಡ್ತಿರುವಾಗ ಹೃದಯಾಘಾತದಿಂದ ತೀರಿಕೊಂಡ. 69 ವರ್ಷ. ಅವನ ಪ್ರತಿಮೆ ಇವತ್ತಿಗೂ ಬಾಲ್ಟಿಮೋರ್ ಸ್ಟೇಡಿಯಂ ಮುಂದೆ ಇದೆ, ಎಸೆಯೋಕೆ ಕೈ ಎತ್ತಿದ ಭಂಗಿಯಲ್ಲಿ.

ಇವತ್ತು ಈ ಆಯ್ಕೆ ತುಂಬಾ ಮುಂದುವರಿದಿದೆ. 1980ರ ದಶಕದಿಂದ ಆಯ್ದ ಕಾಲೇಜು ಆಟಗಾರರನ್ನ ಒಂದೇ ಕಡೆ ಸೇರಿಸಿ 40 ಗಜ ಓಡಿಸ್ತಾರೆ, ಜಿಗಿಸ್ತಾರೆ, ಅಂಗೈ ಅಳೀತಾರೆ. 12 ನಿಮಿಷದಲ್ಲಿ 50 ಪ್ರಶ್ನೆಯ ಬುದ್ಧಿ ಪರೀಕ್ಷೆ ಕೂಡ ಬಹಳ ವರ್ಷ ಇತ್ತು. ಆದರೂ 2000ದಲ್ಲಿ ಟಾಮ್ ಬ್ರೇಡಿಯ ಹೆಸರು ಬಂದಿದ್ದು 199ನೆಯದಾಗಿ. ಅವನು ಆಮೇಲೆ ಏಳು ಸೂಪರ್ ಬೌಲ್ ಗೆದ್ದ.

ಹಾಗಂತ ಅಳತೆಗಳೆಲ್ಲ ಸುಳ್ಳು, ರ‍್ಯಾಂಕ್‌ಗೆ ಬೆಲೆ ಇಲ್ಲ ಅಂತ ಈ ಕಥೆ ಓದಿ ಖುಷಿಪಡೋದು ಸುಲಭ, ಪ್ಲೇಸ್‌ಮೆಂಟ್ ಸೀಸನ್‌ನಲ್ಲಂತೂ ಇನ್ನೂ ಸುಲಭ. ಆದರೆ ಅದು ಸರಿಯಲ್ಲ. ಒಂಬತ್ತನೇ ಸುತ್ತಿನಲ್ಲಿ ಬಂದು ಮನೆಗೆ ಹೋದ ಬಹುಪಾಲು ಹುಡುಗರು ಯುನೈಟಸ್ ಆಗಲಿಲ್ಲ. ಅವರ ಬಗ್ಗೆ ಯಾರೂ ಬರೆಯೋದಿಲ್ಲ ಅಷ್ಟೆ. ಜಾರ್ಜ್ ಶಾ ಕೂಡ ಕೆಟ್ಟ ಆಯ್ಕೆಯಾಗಿರಲಿಲ್ಲ, ಅವನ ಕಾಲು ಮುರಿಯಿತು.

ನನ್ನನ್ನ ಕಾಡೋದು ಬೇರೆ ವಿಷಯ. ತಪ್ಪಾಗಿ ಆರಿಸಿದವನ ತಪ್ಪು ಎಲ್ಲರಿಗೂ ಕಾಣುತ್ತೆ, ಅವನು ಮೈದಾನದಲ್ಲೇ ಸೋಲ್ತಾನೆ. ತಪ್ಪಾಗಿ ಬಿಟ್ಟವನ ತಪ್ಪು ಯಾರಿಗೂ ಕಾಣಲ್ಲ, ಅವನು ಎಲ್ಲೋ ಕಟ್ಟಡದ ಕೆಲಸದಲ್ಲಿರ್ತಾನೆ. ಶಾ ಕಾಲು ಅವತ್ತು ಮುರಿಯದಿದ್ದರೆ, ಯೂಬ್ಯಾಂಕ್ ಆ ಫೋಟೋಗಳನ್ನ ನೋಡದಿದ್ದರೆ, ಸ್ಟೀಲರ್ಸ್ ಅಂದಾಜು ಸರಿ ಅಂತಲೇ ದಾಖಲೆಯಲ್ಲಿ ಉಳಿಯುತ್ತಿತ್ತು. ಮುಂದೆ ನಮ್ಮಲ್ಲೇ ಕೆಲವರು ಇಂಟರ್‌ವ್ಯೂ ಮೇಜಿನ ಆ ಕಡೆ ಕೂರ್ತೀವಿ, ಕ್ಲಬ್‌ಗೆ ಜೂನಿಯರ್‌ಗಳನ್ನ ಆರಿಸೋದಂತೂ ಮುಂದಿನ ಸೆಮಿಸ್ಟರ್‌ನಲ್ಲೇ ಬರುತ್ತೆ. ಎಲ್ಲರನ್ನೂ ತಗೊಳ್ಳೋಕಾಗಲ್ಲ, ನಿಜ. ಬೇಡ ಅನ್ನೋ ಮುಂಚೆ ಒಂದು ಪಂದ್ಯ ಆಡಿಸಿ ನೋಡೋದು ಮಾತ್ರ ನಮ್ಮ ಕೈಯಲ್ಲಿದೆ.