ಇಪ್ಪತ್ತೈದು ವರ್ಷ ತಡವಾಗಿ ಬಂದ ತೀರ್ಪು

ಮೇ 30 ಸಂತ ಜೋನ್ ಆಫ್ ಆರ್ಕ್‌ಳ ಸ್ಮರಣೆಯ ದಿನ. ಕವಚ ತೊಟ್ಟು ಧ್ವಜ ಹಿಡಿದ ಈ ವೀರಕನ್ಯೆಯ ಚಿತ್ರ ನಮ್ಮಲ್ಲಿ ಅನೇಕರಿಗೆ ಪರಿಚಿತ. ಆದರೆ ಆಕೆಯ ವಿಷಯವಾಗಿ ನಡೆದ ಎರಡು ವಿಚಾರಣೆಗಳ ಕಥೆ ಅಷ್ಟಾಗಿ ಪರಿಚಿತವಲ್ಲ.

ಜೋನ್ ಸುಮಾರು 1412ರಲ್ಲಿ ಫ್ರಾನ್ಸ್ ದೇಶದ ದೊಂರೆಮಿ ಎಂಬ ಹಳ್ಳಿಯ ಒಕ್ಕಲು ಮನೆತನದಲ್ಲಿ ಜನಿಸಿದಳು. ಓದುಬರಹ ಅರಿಯದ ಆಕೆಗೆ ಪ್ರಾರ್ಥನೆಗಳನ್ನು ಕಲಿಸಿದವಳು ತಾಯಿ ಇಸಬೆಲ್. ಅಂದು ಫ್ರಾನ್ಸ್ ಮತ್ತು ಇಂಗ್ಲೆಂಡ್‌ಗಳ ನಡುವೆ ದೀರ್ಘ ಯುದ್ಧ ನಡೆದಿತ್ತು. ಹದಿಮೂರರ ಹರೆಯದಲ್ಲಿ ಆಕೆಗೆ ಮಹಾದೂತ ಸಂತ ಮಿಕಾಯೇಲರ, ಸಂತ ಕತರೀನ ಮತ್ತು ಸಂತ ಮಾರ್ಗರೀತರ ವಾಣಿಗಳು ಕೇಳಿಬರತೊಡಗಿದವು. ಅವುಗಳಿಗೆ ವಿಧೇಯಳಾಗಿ ಆಕೆ ಸೈನ್ಯದೊಡನೆ ಹೊರಟಳು. 1429ರ ಮೇ ತಿಂಗಳಲ್ಲಿ ಓರ್ಲಿಯನ್ಸ್ ನಗರದ ಮುತ್ತಿಗೆ ತೆರವಾಯಿತು. ಜುಲೈ 17ರಂದು ರೀಮ್ಸ್ ಪ್ರಧಾನಾಲಯದಲ್ಲಿ ಏಳನೆಯ ಚಾರ್ಲ್ಸ್ ಅರಸನಿಗೆ ಪಟ್ಟಾಭಿಷೇಕವಾಯಿತು.

ಮರುವರ್ಷ ಮೇ 23ರಂದು ಕೊಂಪಿಯೇನ್ ಪಟ್ಟಣದ ಬಳಿ ಜೋನ್ ಬರ್ಗಂಡಿಯವರ ಕೈಸೆರೆಯಾದಳು. ಅವರು ಹತ್ತು ಸಾವಿರ ಲಿವ್ರ್ ಹಣ ಪಡೆದು ಆಕೆಯನ್ನು ಇಂಗ್ಲಿಷರಿಗೆ ಒಪ್ಪಿಸಿದರು. ಆಕೆಯಿಂದ ಕಿರೀಟ ಪಡೆದ ಅರಸ ಬಿಡುಗಡೆಯ ಹಣವನ್ನು ತೆರಲಿಲ್ಲ.

1431ರಲ್ಲಿ ರೂವಾನ್ ನಗರದಲ್ಲಿ ವಿಚಾರಣೆ ನಡೆಯಿತು. ನ್ಯಾಯಪೀಠದಲ್ಲಿ ಕುಳಿತವರು ಧರ್ಮಸಭೆಯವರೇ ಎಂಬುದನ್ನು ನಾವು ಮರೆಮಾಚಲಾಗದು. ಮುಖ್ಯಸ್ಥನಾದ ಬೋವೆಯ ಬಿಷಪ್ ಪಿಯೆರ್ ಕೊಶೋನ್ ಇಂಗ್ಲಿಷರ ಪಕ್ಷಪಾತಿ. ಧರ್ಮಸಭೆಯ ಸೆರೆಮನೆಯಲ್ಲಿ ಇರಬೇಕಾದ ಆ ಕನ್ಯೆಯನ್ನು ಸಂಕೋಲೆ ತೊಡಿಸಿ, ಇಂಗ್ಲಿಷ್ ಸೈನಿಕರ ಕಾವಲಿನಲ್ಲಿ ಕೋಟೆಯೊಳಗೆ ಇಡಲಾಯಿತು. ಆಕೆಯ ಪರವಾಗಿ ವಾದಿಸಲು ವಕೀಲರಿರಲಿಲ್ಲ. ಪೋಪರ ಬಳಿಗೆ ತನ್ನನ್ನು ಕರೆದೊಯ್ಯಬೇಕೆಂಬ ಮೊರೆಗೆ ಬೆಲೆ ಸಿಗಲಿಲ್ಲ. ದೇವರ ಕೃಪಾಸ್ಥಿತಿಯಲ್ಲಿರುವೆಯಾ ಎಂದು ಒಮ್ಮೆ ಪ್ರಶ್ನಿಸಿದರು. ಹೌದೆಂದರೆ ಅಹಂಕಾರ, ಇಲ್ಲವೆಂದರೆ ಪಾಪದ ಒಪ್ಪಿಗೆ. ಆಕೆ ಎರಡನ್ನೂ ಹೇಳದೆ ವಿಷಯವನ್ನು ದೇವರಿಗೇ ಒಪ್ಪಿಸಿದಳು.

ಮೇ 24ರಂದು ಬೆಂಕಿಯ ಭಯ ತೋರಿಸಿ ಆಕೆಯಿಂದ ತಪ್ಪೊಪ್ಪಿಗೆಯ ಪತ್ರಕ್ಕೆ ಗುರುತು ಹಾಕಿಸಿಕೊಂಡರು. ಕೆಲವೇ ದಿನಗಳಲ್ಲಿ ಆಕೆ ಅದನ್ನು ಹಿಂತೆಗೆದುಕೊಂಡಳು. ಮತ್ತೆ ಪಾಷಂಡಮತಕ್ಕೆ ಬಿದ್ದವಳೆಂಬ ತೀರ್ಪಾಯಿತು. ಮೇ 30ರ ಬೆಳಗ್ಗೆ ಆಕೆಗೆ ಪರಮಪ್ರಸಾದ ನೀಡಲು ಒಪ್ಪಿದವರೇ ಅಂದೇ ಆಕೆಯನ್ನು ಧರ್ಮಸಭೆಯಿಂದ ಬಹಿಷ್ಕರಿಸಿ ಆಳುವವರ ಕೈಗೆ ಕೊಟ್ಟರು. ಹಳೆಯ ಸಂತೆಚೌಕದಲ್ಲಿ, ಕಣ್ಣೆದುರು ಎತ್ತಿಹಿಡಿದ ಶಿಲುಬೆಯನ್ನು ನೋಡುತ್ತ, ಯೇಸುವಿನ ನಾಮವನ್ನು ಉಚ್ಚರಿಸುತ್ತ ಆಕೆ ಬೆಂಕಿಯಲ್ಲಿ ಪ್ರಾಣಬಿಟ್ಟಳು. ವಯಸ್ಸು ಸುಮಾರು 19. ಬೂದಿಯನ್ನು ಸೇನ್ ನದಿಗೆ ಎಸೆಯಲಾಯಿತು.

ತಾಯಿ ಸುಮ್ಮನಿರಲಿಲ್ಲ. ಆಕೆಯ ಮತ್ತು ಜೋನಳ ಸೋದರರ ಮನವಿಯ ಮೇರೆಗೆ 1455ರಲ್ಲಿ ಪೋಪ್ ಮೂರನೆಯ ಕಲಿಸ್ತರು ಮರುವಿಚಾರಣೆಗೆ ಅಪ್ಪಣೆ ನೀಡಿದರು. ಪಾಷಂಡಿಯಿಂದ ಕಿರೀಟ ಪಡೆದನೆಂಬ ಕಳಂಕ ತೊಡೆದುಹೋಗುವುದು ಅರಸನಿಗೂ ಬೇಕಾಗಿತ್ತು. ನವೆಂಬರ್ 7ರಂದು ಪ್ಯಾರಿಸಿನ ನೋತ್ರ್ ದಾಮ್ ಪ್ರಧಾನಾಲಯದಲ್ಲಿ ಆ ವೃದ್ಧೆ ಪೋಪರ ಪ್ರತಿನಿಧಿಗಳ ಮುಂದೆ ನಿಂತು ಮಗಳಿಗಾಗಿ ನ್ಯಾಯ ಬೇಡಿದಳು. ನೂರಕ್ಕೂ ಮಿಕ್ಕಿ ಸಾಕ್ಷಿಗಳು ನುಡಿದರು. ಹಿಂದಿನ ವಿಚಾರಣೆಯ ಲಿಪಿಕಾರನೂ ಅವರಲ್ಲಿದ್ದ. 1456ರ ಜುಲೈ 7ರಂದು ರೂವಾನ್‌ನಲ್ಲಿ ಮೊದಲ ತೀರ್ಪು ಅನ್ಯಾಯದ್ದು, ಅಸಿಂಧುವಾದದ್ದು ಎಂದು ಸಾರಲಾಯಿತು. ಕೊಶೋನ್ 1442ರಲ್ಲಿಯೇ ತೀರಿಹೋಗಿದ್ದ. 1920ರಲ್ಲಿ ಪೋಪ್ ಹದಿನೈದನೆಯ ಬೆನೆದಿಕ್ತರು ಜೋನಳನ್ನು ಸಂತಳೆಂದು ಘೋಷಿಸಿದರು.

ಎರಡನೆಯ ತೀರ್ಪು ಸತ್ಯವನ್ನು ಎತ್ತಿಹಿಡಿಯಿತು, ತಾಯಿಯ ಕಣ್ಣೀರೊರೆಸಿತು. ಮಗಳನ್ನು ಮರಳಿ ಕೊಡಲಿಲ್ಲ. ಸೆರೆಯಲ್ಲಿರುವ ನಿರಪರಾಧಿಯ ಬಾಗಿಲನ್ನಾದರೂ ತಡವಾಗಿ ತೆರೆಯಬಹುದು. ಮನುಷ್ಯನ ಅರಿವು ಸೀಮಿತವಾದುದು; ವಿದ್ವಾಂಸರೂ ಧರ್ಮಜ್ಞರೂ ತುಂಬಿದ ಪೀಠವೂ ಭಯದಿಂದ, ದ್ವೇಷದಿಂದ, ಅಧಿಕಾರದ ಓಲೈಕೆಯಿಂದ ತಪ್ಪಬಲ್ಲುದು. ತಪ್ಪಬಲ್ಲವರು ತಿದ್ದಲಾಗದ ಶಿಕ್ಷೆಯನ್ನು ವಿಧಿಸುವುದು ತರ್ಕಕ್ಕೂ ಸಲ್ಲದು, ಧರ್ಮಕ್ಕೂ ಸಲ್ಲದು.

2018ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಧರ್ಮೋಪದೇಶ ಗ್ರಂಥದ 2267ನೆಯ ಪರಿಚ್ಛೇದವನ್ನು ತಿದ್ದಿ, ಮರಣದಂಡನೆ ಮಾನವನ ಘನತೆಗೆ ವಿರುದ್ಧವಾದುದು, ಒಪ್ಪತಕ್ಕದ್ದಲ್ಲ ಎಂದು ಬೋಧಿಸಿದರು. ಈ ಬೋಧನೆ ಅಪರಾಧಿಗೂ ಅನ್ವಯಿಸುತ್ತದೆ. ಘೋರ ಕೃತ್ಯದ ಸುದ್ದಿ ಓದಿ ನಮ್ಮ ಮನೆಗಳಲ್ಲಿಯೂ ಗಲ್ಲಿಗೇರಿಸಿರಿ ಎಂಬ ಮಾತು ಏಳುವುದುಂಟು. ಆ ಗಳಿಗೆಯಲ್ಲಿ ಹತರಾದವರಿಗಾಗಿ ಪ್ರಾರ್ಥಿಸೋಣ, ಅವರ ಕುಟುಂಬಕ್ಕೆ ಆಸರೆಯಾಗೋಣ. ಜೊತೆಗೆ ರೂವಾನಿನ ಆ ಬೆಂಕಿಯನ್ನೂ ನೆನೆಯೋಣ.